ಕೆವೈಸಿ ಆ್ಯಪ್ ರಿವ್ಯೂ: ಕ್ಯಾಂಡಿಡೇಟ್ ಮೇಲೆ ಕೇಸ್ ಇದೆಯಾ ಅಂತ ಹೇಳತ್ತೆ, ಎಂಥ ಕೇಸ್ ಅಂತ ನೀವೇ ಹುಡುಕ್ಕೋಬೇಕು

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 3. ಎಲೆಕ್ಷನ್ ಬಂದಾಗೆಲ್ಲ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದೇ ಪ್ರಶ್ನೆ ಸುತ್ತಾಡತ್ತೆ, "ಜೈಲಿಗೆ ಹೋಗ್ಬಂದವ್ನು ಹೆಂಗ್ರೀ ನಿಲ್ತಾನೆ, ಅವ್ನಿಗೆ ಟಿಕೆಟ್ ಹೆಂಗ್ ಕೊಟ್ರು", ಅದಕ್ಕೆ ಯಾರೋ ಒಬ್ರು "ಕೇಸ್ ಇದ್ರೆ ನಿಲ್ಲೋ ಹಾಗಿಲ್ಲ ಕಣ್ರೀ" ಅಂತಾರೆ, ಇನ್ನೊಬ್ರು "ಜೈಲಲ್ಲಿದ್ರೂ ನಿಲ್ಬಹುದು" ಅಂತಾರೆ, ಕೊನೆಗೆ ಗುಡ್ ಮಾರ್ನಿಂಗ್ ಇಮೇಜ್ ಬಂದು ಚರ್ಚೆ ಮುಗಿಯತ್ತೆ. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಅಂತಾನೇ ಚುನಾವಣಾ ಆಯೋಗದ್ದು ಒಂದು ಆ್ಯಪ್ ಇದೆ, ಹೆಸರು ಕೆವೈಸಿ-ಇಸಿಐ. ಬ್ಯಾಂಕ್‌ನ ಕೆವೈಸಿ ಅಲ್ಲ, ನೋ ಯುವರ್ ಕ್ಯಾಂಡಿಡೇಟ್. ದುಡ್ಡಿಲ್ಲ, ಆ್ಯಡ್ ಇಲ್ಲ. ಇದು ಇದೆ ಅಂತಾನೇ ಬಹಳ ಜನಕ್ಕೆ ಗೊತ್ತಿಲ್ಲ.

ಇದು ಆಯೋಗದವ್ರಿಗೆ ತಾನಾಗೇ ಹೊಳೆದ ಐಡಿಯಾ ಅಲ್ಲ, ಇದರ ಹಿಂದೆ ಕೋರ್ಟ್ ಇದೆ. 2020ರಲ್ಲಿ ಬಿಹಾರ ಎಲೆಕ್ಷನ್ ನಡೀತಲ್ಲ, ಆಗ ಕೇಸ್ ಇರೋ ಕ್ಯಾಂಡಿಡೇಟುಗಳ ವಿವರನ ಪಾರ್ಟಿಗಳು ಸರಿಯಾಗಿ ಪಬ್ಲಿಶ್ ಮಾಡ್ಲಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ಕ್ಕೆ ಬಿಜೆಪಿ, ಕಾಂಗ್ರೆಸ್ ಎಲ್ಲ ಸೇರಿ ಕೆಲವು ಪಾರ್ಟಿಗಳಿಗೆ ತಲಾ 1 ಲಕ್ಷ, ಸಿಪಿಎಂ ಮತ್ತೆ ಎನ್‌ಸಿಪಿಗೆ ತಲಾ 5 ಲಕ್ಷ ದಂಡ ಹಾಕ್ತು, ಅದೇ ತೀರ್ಪಲ್ಲಿ ಕ್ಯಾಂಡಿಡೇಟುಗಳ ಕ್ರಿಮಿನಲ್ ಹಿನ್ನೆಲೆ ನೋಡೋಕೆ ಒಂದು ಮೊಬೈಲ್ ಆ್ಯಪ್ ಮಾಡಿ ಅಂತ ಆಯೋಗಕ್ಕೆ ಹೇಳ್ತು. ಪಾರ್ಟಿಗಳಿಗೆ 5 ಲಕ್ಷ ಅನ್ನೋದು ಒಂದು ಸಮಾವೇಶದ ಶಾಮಿಯಾನ ಖರ್ಚೂ ಅಲ್ಲ ಬಿಡಿ, ಆದ್ರೆ ನಮಗೆ ಆ್ಯಪ್ ಸಿಕ್ತು.

ಬಳಸೋದು ಸುಲಭ. ಯಾವ ಎಲೆಕ್ಷನ್, ಯಾವ ರಾಜ್ಯ, ಯಾವ ಕ್ಷೇತ್ರ ಅಂತ ಸೆಲೆಕ್ಟ್ ಮಾಡಿದ್ರೆ ನಾಮಪತ್ರ ಹಾಕಿದವ್ರೆಲ್ಲರ ಪಟ್ಟಿ ಬರತ್ತೆ, ಫೋಟೋ, ಪಾರ್ಟಿ, ನಾಮಪತ್ರ ಸ್ವೀಕಾರ ಆಗಿದೆಯಾ ರಿಜೆಕ್ಟ್ ಆಗಿದೆಯಾ ವಾಪಸ್ ತಗೊಂಡ್ರಾ ಅನ್ನೋದು, ಜೊತೆಗೆ ಕ್ರಿಮಿನಲ್ ಹಿನ್ನೆಲೆ ಇದೆ ಅಥವಾ ಇಲ್ಲ ಅಂತ ಒಂದು ಗುರುತು. ಹೆಸರು ಟೈಪ್ ಮಾಡಿ ಹುಡುಕೋಕೂ ಬರತ್ತೆ. ಕ್ಯಾಂಡಿಡೇಟ್ ತನ್ನ ಆಸ್ತಿ, ಕೇಸು ಎಲ್ಲ ಪ್ರಮಾಣ ಮಾಡಿ ಬರ್ಕೊಡೋ ಅಫಿಡವಿಟ್ ಡೌನ್‌ಲೋಡ್ ಬಟನ್ ಅಲ್ಲೇ ಇದೆ. ಈ ಭಾಗಕ್ಕೆ ಫುಲ್ ಮಾರ್ಕ್ಸ್.

ನನ್ನ ತಕರಾರು ಇರೋದು ಆ ಗುರುತಿನ ಬಗ್ಗೆ. ಇದೆ, ಇಲ್ಲ, ಎರಡೇ. ಕಬ್ಬಿನ ಬಾಕಿಗೆ ರಸ್ತೆ ತಡೆ ಮಾಡಿದ ರೈತ ಮುಖಂಡನ ಮೇಲೂ ಕೇಸ್ ಇರತ್ತೆ, ಅಲ್ಲೂ ಇದೆ ಅಂತ ಬರತ್ತೆ, ಕೊಲೆ ಆರೋಪ ಇರೋವ್ನಿಗೂ ಅದೇ ಇದೆ. ಪ್ರತಿಭಟನೆ ಮಾಡಿದ್ದಕ್ಕೆ ಬಿದ್ದ ಕೇಸು, ಚೆಕ್ ಬೌನ್ಸ್, ಅಕ್ರಮ ಗಣಿಗಾರಿಕೆ, ಅತ್ಯಾಚಾರ, ಎಲ್ಲಾನೂ ಒಂದೇ ಬುಟ್ಟಿಗೆ ಹಾಕಿದ್ರೆ ಜನ ಏನ್ ತಿಳ್ಕೋತಾರೆ, ಎಲ್ರೂ ಕಳ್ರೇ ಅಂತ ತಿಳ್ಕೊಂಡು ಫೋನ್ ಜೇಬಿಗಿಟ್ಟು ಜಾತಿ ನೋಡಿ ಓಟ್ ಹಾಕ್ತಾರೆ. ಅಂಕಿನೇ ನೋಡಿ, 2023ರಲ್ಲಿ ಕರ್ನಾಟಕದಲ್ಲಿ ಗೆದ್ದವ್ರಲ್ಲಿ 223 ಜನರ ಅಫಿಡವಿಟ್ ನೋಡಿ ಚುನಾವಣಾ ಸುಧಾರಣೆಗೆ ಕೆಲಸ ಮಾಡೋ ಎಡಿಆರ್ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ 122 ಜನ ಕೇಸ್ ಇದೆ ಅಂತ ತಾವೇ ಬರ್ಕೊಟ್ಟಿದ್ರು, ಅಂದ್ರೆ 55 ಪರ್ಸೆಂಟ್, 2018ರಲ್ಲಿ ಇದು 35 ಪರ್ಸೆಂಟ್ ಇತ್ತು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದೇ ಗುರುತು ಬಿದ್ರೆ ಆ ಗುರುತಿಗೆ ಏನ್ ಬೆಲೆ ಹೇಳಿ. ಅದೇ ಲೆಕ್ಕದಲ್ಲಿ ಗಂಭೀರ ಕೇಸು ಇರೋವ್ರು 71 ಜನ. ನಮಗೆ ಬೇಕಾಗಿರೋದು ಆ 71 ಯಾರು ಅನ್ನೋದು, ಅದನ್ನ ಮೊದಲ ಸ್ಕ್ರೀನ್ ಹೇಳಲ್ಲ.

ಹಾಗಾಗಿ ಅಫಿಡವಿಟ್‌ನ ಪಿಡಿಎಫ್ ಓಪನ್ ಮಾಡ್ಲೇಬೇಕು, ನಿಜವಾದ ಸರಕು ಇರೋದು ಅಲ್ಲಿ. ಅದರ ಹೆಸರು ಫಾರ್ಮ್ 26. 2002ರಲ್ಲಿ ಎಡಿಆರ್ ಕೇಸಲ್ಲಿ ಸುಪ್ರೀಂ ಕೋರ್ಟು ಓಟರ್‌ಗೆ ಕ್ಯಾಂಡಿಡೇಟ್ ಬಗ್ಗೆ ತಿಳ್ಕೊಳ್ಳೋ ಹಕ್ಕಿದೆ ಅಂದಿದ್ದಕ್ಕೆ ಬಂದಿದ್ದು ಇದು. ಎಡಿಆರ್ ಕಟ್ಟಿದ್ದು ಐಐಎಂ ಅಹಮದಾಬಾದ್ ಮೇಷ್ಟ್ರುಗಳು, ಅವ್ರಲ್ಲಿ ತ್ರಿಲೋಚನ್ ಶಾಸ್ತ್ರಿ ಆಮೇಲೆ ನಮ್ಮ ಬೆಂಗಳೂರು ಐಐಎಂಗೆ ಬಂದ್ರು. ಆಗ ಪಾರ್ಟಿಗಳೆಲ್ಲ ಒಟ್ಟಾಗಿ ಕಾನೂನು ತಿದ್ದಿ ಈ ತೀರ್ಪನ್ನ ತೆಳು ಮಾಡೋಕೆ ನೋಡಿದ್ರು, 2003ರಲ್ಲಿ ಕೋರ್ಟ್ ಅದನ್ನೂ ಹೊಡೆದು ಹಾಕ್ತು. ಪಾರ್ಟಿಗಳು ಒಟ್ಟಾಗೋದು ಇಂಥ ವಿಷಯಕ್ಕೇ ನೋಡಿ.

ಪಿಡಿಎಫ್ ಅಂದ್ರೆ ಟೈಪ್ ಮಾಡಿದ ನೀಟ್ ಫೈಲ್ ಅನ್ಕೋಬೇಡಿ, ಸ್ಟಾಂಪ್ ಪೇಪರ್, ನೋಟರಿ ಸೀಲು, ಪುಟಪುಟಕ್ಕೂ ಸಹಿ, ಅದನ್ನ ಸ್ಕ್ಯಾನ್ ಮಾಡಿ ಹಾಕಿರ್ತಾರೆ, ಒಳಗಡೆ ಪದ ಹುಡುಕೋಕಾಗಲ್ಲ, ಕೆಲವು ಕೈಬರಹ. ದೊಡ್ಡ ಕುಳಗಳದ್ದು ಉದ್ದಕ್ಕೆ ಹೋಗತ್ತೆ, ಅದರಲ್ಲಿ ಮುಕ್ಕಾಲು ಭಾಗ ಜಮೀನು, ಚಿನ್ನ, ಸಾಲ. ಅದನ್ನ ಬಿಟ್ಟು ನೀವು ನೋಡ್ಬೇಕಾಗಿರೋದು ಎರಡು ಟೇಬಲ್. ಒಂದು ಬಾಕಿ ಇರೋ ಕೇಸುಗಳದ್ದು, ಎಫ್‌ಐಆರ್ ನಂಬರ್, ಯಾವ ಸ್ಟೇಷನ್, ಯಾವ ಸೆಕ್ಷನ್, ಯಾವ ಕೋರ್ಟ್, ಮತ್ತೆ ಆರೋಪ ಹೊರಿಸಿದೆಯಾ ಇಲ್ವಾ ಅನ್ನೋ ಕಾಲಂ. ಈ ಕಾಲಂ ಬಹಳ ಮುಖ್ಯ, ಎಫ್‌ಐಆರ್ ಯಾರ ಮೇಲೆ ಬೇಕಾದ್ರೂ ಯಾರು ಬೇಕಾದ್ರೂ ಹಾಕಿಸ್ಬಹುದು, ಆದ್ರೆ ಒಬ್ಬ ಜಡ್ಜು ಕೂತು ಪೇಪರ್ ನೋಡಿ ಹೌದು ವಿಚಾರಣೆ ನಡೆಸೋ ಅಷ್ಟು ವಿಷಯ ಇದೆ ಅಂದ್ರೆ ಆಗ್ಲೇ ಚಾರ್ಜ್ ಫ್ರೇಮ್ ಆಗೋದು. ಎರಡನೇ ಟೇಬಲ್ ಶಿಕ್ಷೆ ಆಗಿರೋ ಕೇಸುಗಳದ್ದು, ಎಷ್ಟು ಶಿಕ್ಷೆ, ಯಾವಾಗ, ಅಪೀಲ್ ಇದೆಯಾ ಅಂತ. ಯಾವ ಕಾಲಮ್ಮೂ ಖಾಲಿ ಬಿಡೋ ಹಾಗಿಲ್ಲ, ಇಲ್ಲ ಅಂತಾದ್ರೂ ಬರೀಬೇಕು, 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಖಾಲಿ ಬಿಟ್ಟು ಚುನಾವಣಾಧಿಕಾರಿ ನೋಟಿಸ್ ಕೊಟ್ಟ ಮೇಲೂ ತುಂಬಿಸ್ಲಿಲ್ಲ ಅಂದ್ರೆ ನಾಮಪತ್ರ ರಿಜೆಕ್ಟ್. ಸುಳ್ಳು ಬರೆದ್ರೆ? ಆರು ತಿಂಗಳವರೆಗೆ ಜೈಲು ಅಥವಾ ದಂಡ. ಮಜಾ ಏನಂದ್ರೆ ಖಾಲಿ ಬಿಟ್ರೆ ಆಟ ಅಲ್ಲೇ ಮುಗೀತು, ಸುಳ್ಳು ತುಂಬಿದ್ರೆ ಆರಾಮಾಗಿ ನಿಂತು ಗೆದ್ದು ಆಮೇಲೆ ಕೋರ್ಟಲ್ಲಿ ನೋಡ್ಕೋಬಹುದು.

ಒಂದೊಂದ್ಸಲ ಕೋರ್ಟಲ್ಲಿ ಬಿಸಿ ತಟ್ಟತ್ತೆ ಅನ್ನಿ. ಹಾಸನದ ಪ್ರಜ್ವಲ್ ರೇವಣ್ಣ 2019ರಲ್ಲಿ ಗೆದ್ದಿದ್ದನ್ನ ಅಫಿಡವಿಟಲ್ಲಿ ಆಸ್ತಿ ಮುಚ್ಚಿಟ್ರು ಅನ್ನೋ ಕಾರಣಕ್ಕೆ ನಮ್ಮ ಹೈಕೋರ್ಟ್ 2023ರ ಸೆಪ್ಟೆಂಬರ್ 1ಕ್ಕೆ ಅಸಿಂಧು ಮಾಡಿತ್ತು. ಆಮೇಲೆ ಸುಪ್ರೀಂ ಕೋರ್ಟಿಂದ ತಡೆ ಸಿಕ್ತು, ಅಷ್ಟೊತ್ತಿಗೆ ಐದು ವರ್ಷದಲ್ಲಿ ನಾಲ್ಕು ವರ್ಷ ಮುಗಿದೇ ಹೋಗಿತ್ತು.

ಆ್ಯಪ್‌ನ ಇನ್ನೊಂದು ಮಿತಿಗೂ ಇದೇ ಹಾಸನದ ಉದಾಹರಣೆ ಸಾಕು. ಅಫಿಡವಿಟ್ ಅಂದ್ರೆ ನಾಮಪತ್ರ ಹಾಕಿದ ದಿನ ತೆಗೆಸಿದ ಪಾಸ್‌ಪೋರ್ಟ್ ಸೈಜ್ ಫೋಟೋ ಇದ್ದ ಹಾಗೆ, ಆಮೇಲೆ ಮುಖ ಹೆಂಗಾಯ್ತು ಅಂತ ಅದರಲ್ಲಿ ಕಾಣಲ್ಲ. 2024ರಲ್ಲಿ ಹಾಸನದ ನಾಮಪತ್ರ ಏಪ್ರಿಲ್ ಮೊದಲ ವಾರದೊಳಗೇ ಮುಗಿದಿತ್ತು, ಓಟಿಂಗ್ ಆಗಿದ್ದು ಏಪ್ರಿಲ್ 26ಕ್ಕೆ, ಪ್ರಜ್ವಲ್ ಮೇಲೆ ಲೈಂಗಿಕ ದೌರ್ಜನ್ಯದ ಎಫ್‌ಐಆರ್ ದಾಖಲಾಗಿದ್ದು ಅದಾದ್ಮೇಲೆ, 2025ರ ಆಗಸ್ಟಲ್ಲಿ ಬೆಂಗಳೂರಿನ ವಿಶೇಷ ಕೋರ್ಟ್ ಜೀವಾವಧಿ ಶಿಕ್ಷೆ ಕೊಡ್ತು. ಓಟ್ ಹಾಕೋಕೆ ಮುಂಚೆ ಅಫಿಡವಿಟ್ ಎಷ್ಟು ಕಣ್ಣರಳಿಸಿ ಓದಿದ್ರೂ ಈ ಕೇಸು ಅಲ್ಲಿ ಸಿಗ್ತಿರ್ಲಿಲ್ಲ. ಹಾಗೇ ಗಂಗಾವತಿ ತಗೊಳ್ಳಿ, ಜನಾರ್ದನ ರೆಡ್ಡಿ 2023ರಲ್ಲಿ ನಿಂತಾಗ ಓಬಳಾಪುರಂ ಅಕ್ರಮ ಗಣಿಗಾರಿಕೆ ಕೇಸು ಬಾಕಿ ಇದ್ದ ಕೇಸು, ಹೈದರಾಬಾದಿನ ಸಿಬಿಐ ಕೋರ್ಟ್ 7 ವರ್ಷ ಅಂದಿದ್ದು 2025ರ ಮೇ 6ಕ್ಕೆ, ಶಾಸಕ ಸ್ಥಾನ ಅವತ್ತಿಂದಾನೇ ಹೋಯ್ತು, ಜೂನಲ್ಲಿ ತೆಲಂಗಾಣ ಹೈಕೋರ್ಟಿಂದ ತಡೆ ಸಿಕ್ಕಿ ಸ್ಥಾನ ವಾಪಸ್ ಬಂತು. ಆ ಎರಡು ತಿಂಗಳ ಹಾವು ಏಣಿ ಆಟ ಅರ್ಥ ಆಗ್ಬೇಕು ಅಂದ್ರೆ 2023ರ ಪಿಡಿಎಫ್ ಉಪಯೋಗಕ್ಕೆ ಬರಲ್ಲ, ಕಾನೂನು ಸ್ವಲ್ಪ ಗೊತ್ತಿರ್ಬೇಕು.

ಫ್ಯಾಮಿಲಿ ಗ್ರೂಪಿನ ಪ್ರಶ್ನೆಗೆ ಆ್ಯಪ್ ಎಲ್ಲೂ ಉತ್ತರ ಕೊಡಲ್ಲ ಅನ್ನೋದೇ ನನ್ನ ದೊಡ್ಡ ಬೇಜಾರು. ಇವ್ನು ನಿಲ್ಬಹುದಾ, ಇವ್ನು ಓಟ್ ಹಾಕ್ಬಹುದಾ, ಎರಡಕ್ಕೂ ಕಾನೂನಲ್ಲಿ ಸ್ಪಷ್ಟ ಉತ್ತರ ಇದೆ, ಒಂದು ಪುಟ ಸಹಾಯ ಅಂತ ಹಾಕಿದ್ರೆ ಮುಗೀತಿತ್ತು. ಅವ್ರು ಹಾಕಿಲ್ಲ, ನಾನು ಹಾಕ್ತೀನಿ.

ನಿಲ್ಲೋದು ಮೊದ್ಲು. ಕೇಸ್ ಇದ್ರೆ ನಿಲ್ಲಬಾರದು ಅಂತ ಎಲ್ಲೂ ಇಲ್ಲ, ಚಾರ್ಜ್ ಫ್ರೇಮ್ ಆಗಿದ್ರೂ ಅಡ್ಡಿ ಇಲ್ಲ, ಜೈಲೊಳಗಿದ್ರೂ ಅಡ್ಡಿ ಇಲ್ಲ. ಅಡ್ಡಿ ಬರೋದು ಶಿಕ್ಷೆ ಆದ್ಮೇಲೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಯಾವುದೇ ಅಪರಾಧಕ್ಕೆ 2 ವರ್ಷ ಅಥವಾ ಜಾಸ್ತಿ ಶಿಕ್ಷೆ ಆದ್ರೆ ಆ ದಿನದಿಂದಾನೇ ಅನರ್ಹ, ಜೈಲಿಂದ ಹೊರಗೆ ಬಂದ್ಮೇಲೆ ಮತ್ತೆ 6 ವರ್ಷ. ಭ್ರಷ್ಟಾಚಾರ, ಅತ್ಯಾಚಾರ, ಭಯೋತ್ಪಾದನೆ ಥರದ್ದು ಬೇರೆ ಪಟ್ಟಿ ಇದೆ, ಅದರಲ್ಲಿ ಒಂದು ದಿನ ಜೈಲಾದ್ರೂ ಸಾಕು, ಬರೀ ದಂಡ ಆದ್ರೂ 6 ವರ್ಷ ಹೋಯ್ತು. ಕಲಬೆರಕೆ, ಕಳ್ಳದಾಸ್ತಾನು, ವರದಕ್ಷಿಣೆ ಕೇಸುಗಳಿಗೆ 6 ತಿಂಗಳು ಶಿಕ್ಷೆ ಆದ್ರೆ ಸಾಕು. ಜಯಲಲಿತಾ ಆಪ್ತೆ ಶಶಿಕಲಾ ಅಕ್ರಮ ಆಸ್ತಿ ಕೇಸಲ್ಲಿ 4 ವರ್ಷ ಪರಪ್ಪನ ಅಗ್ರಹಾರದಲ್ಲಿದ್ದು 2021ರ ಜನವರೀಲಿ ಬಿಡುಗಡೆ ಆದ್ರಲ್ಲ, ಲೆಕ್ಕ ಹಾಕಿ, 2027ರ ಜನವರಿವರೆಗೂ ಯಾವ ಎಲೆಕ್ಷನ್ನಿಗೂ ನಿಲ್ಲೋ ಹಾಗಿಲ್ಲ.

ಮುಂಚೆ ಗೆದ್ದು ಕೂತಿರೋವ್ರಿಗೆ ಒಂದು ರಿಯಾಯ್ತಿ ಇತ್ತು, ಮೂರು ತಿಂಗಳೊಳಗೆ ಅಪೀಲ್ ಹಾಕಿದ್ರೆ ಅದು ತೀರ್ಮಾನ ಆಗೋವರೆಗೂ ಸೀಟ್ ಸೇಫ್. 2013ರ ಜುಲೈ 10ಕ್ಕೆ ಸುಪ್ರೀಂ ಕೋರ್ಟಿನ ಲಿಲಿ ಥಾಮಸ್ ಕೇಸಲ್ಲಿ ಅದು ಹೋಯ್ತು. ಅದನ್ನ ಉಳಿಸ್ಕೊಳ್ಳೋಕೆ ಯುಪಿಎ ಸರ್ಕಾರ ಸುಗ್ರೀವಾಜ್ಞೆ ತರೋಕೆ ಹೊರಟಾಗ ರಾಹುಲ್ ಗಾಂಧಿ ದಿಲ್ಲಿ ಪ್ರೆಸ್ ಕ್ಲಬ್ಬಿಗೆ ಬಂದು ಇದನ್ನ ಹರಿದು ಬಿಸಾಕ್ಬೇಕು ಅಂದ್ರು, ಸುಗ್ರೀವಾಜ್ಞೆ ಬಿದ್ದೋಯ್ತು. ಹತ್ತು ವರ್ಷ ಆದ್ಮೇಲೆ ಅವ್ರೇ ನಮ್ಮ ಕೋಲಾರದಲ್ಲಿ 2019ರಲ್ಲಿ ಮಾಡಿದ್ದ ಒಂದು ಭಾಷಣಕ್ಕೆ ಸೂರತ್ ಕೋರ್ಟಲ್ಲಿ ಕರೆಕ್ಟಾಗಿ 2 ವರ್ಷ ಶಿಕ್ಷೆ ಆಗಿ, 2023ರ ಮಾರ್ಚ್ 23ಕ್ಕೆ ತೀರ್ಪು, 24ಕ್ಕೆ ವಯನಾಡು ಸೀಟು ಖಾಲಿ. ಒಂದು ದಿನ ಕಮ್ಮಿ ಶಿಕ್ಷೆ ಆಗಿದ್ರೂ ಸೀಟ್ ಉಳೀತಿತ್ತು, ಆಗಸ್ಟ್ 4ಕ್ಕೆ ತಡೆ ಕೊಡುವಾಗ ಸುಪ್ರೀಂ ಕೋರ್ಟ್ ಕೇಳಿದ್ದೂ ಅದನ್ನೇ, ಗರಿಷ್ಠ ಶಿಕ್ಷೆ ಯಾಕೆ ಅಂತ ಕಾರಣಾನೇ ಬರೆದಿಲ್ವಲ್ಲ ಅಂತ.

ಇಲ್ಲೊಂದು ಸೂಕ್ಷ್ಮ ಇದೆ, ಟಿವಿಯವ್ರು ಇದನ್ನ ಯಾವಾಗ್ಲೂ ಕಲಸುಮೇಲೋಗರ ಮಾಡ್ತಾರೆ. ಅಪೀಲಲ್ಲಿ ಶಿಕ್ಷೆನ ಅಮಾನತಲ್ಲಿಟ್ರೆ ಮನುಷ್ಯ ಜೈಲಿಂದ ಹೊರಗೆ ಬರ್ತಾನೆ ಅಷ್ಟೇ, ಅಪರಾಧಿ ಅನ್ನೋ ತೀರ್ಪು ಹಾಗೇ ಇರತ್ತೆ, ಎಲೆಕ್ಷನ್ನಿಗೆ ನಿಲ್ಲೋ ಹಾಗಿಲ್ಲ. ಅಪರಾಧಿ ಅನ್ನೋ ತೀರ್ಪಿಗೇ ತಡೆ ಸಿಗ್ಬೇಕು, ಆಗ್ಲೇ ಅನರ್ಹತೆ ಹೋಗೋದು. ನವಜೋತ್ ಸಿಧುಗೆ 2007ರಲ್ಲಿ ಸಿಕ್ಕಿದ್ದು ಅಂಥ ತಡೆ, ಅದರಿಂದಾನೇ ಅಮೃತಸರ ಬೈಎಲೆಕ್ಷನ್ನಿಗೆ ನಿಂತ್ರು. ಇದೂ ಅಲ್ದೆ ಇನ್ನೊಂದು ಹಿಂಬಾಗಿಲು ಇದೆ, ಅದೇ ಕಾಯ್ದೆಯ 11ನೇ ಸೆಕ್ಷನ್, ಅನರ್ಹತೆ ಅವಧಿನ ಚುನಾವಣಾ ಆಯೋಗಾನೇ ಕಮ್ಮಿ ಮಾಡ್ಬಹುದು. ಸಿಕ್ಕಿಂನ ಪ್ರೇಮ್ ಸಿಂಗ್ ತಮಾಂಗ್ ಭ್ರಷ್ಟಾಚಾರ ಕೇಸಲ್ಲಿ ಒಂದು ವರ್ಷ ಶಿಕ್ಷೆ ಮುಗಿಸಿ 2018ರಲ್ಲಿ ಹೊರಗೆ ಬಂದ್ರು, 2019ರ ಮೇನಲ್ಲಿ ಎಂಎಲ್‌ಎ ಕೂಡ ಆಗದೇನೇ ಸಿಎಂ ಆದ್ರು, ಸೆಪ್ಟೆಂಬರಲ್ಲಿ ಆಯೋಗ 6 ವರ್ಷನ 1 ವರ್ಷ 1 ತಿಂಗಳಿಗೆ ಇಳಿಸ್ತು. ಕ್ಯಾಂಡಿಡೇಟ್ ಬಗ್ಗೆ ತಿಳ್ಕೊಳ್ಳಿ ಅಂತ ಆ್ಯಪ್ ಮಾಡಿರೋದೂ ಅದೇ ಆಯೋಗ, ನನಗೆ ಈ ಎರಡನ್ನ ಒಟ್ಟಿಗೆ ಅರಗಿಸ್ಕೊಳ್ಳೋಕೆ ಸ್ವಲ್ಪ ಕಷ್ಟ.

ಈಗ ಓಟ್ ಹಾಕೋದು. ಇಲ್ಲಿ ಕಾನೂನು ತಲೆಕೆಳಗು ನಿಂತಿದೆ. ಅದೇ ಕಾಯ್ದೆಯ 62ನೇ ಸೆಕ್ಷನ್ನಿನ 5ನೇ ಉಪವಿಭಾಗ ಹೇಳೋದು ಇಷ್ಟೇ, ಜೈಲಲ್ಲಿ ಅಥವಾ ಪೊಲೀಸ್ ಕಸ್ಟಡೀಲಿ ಇರೋವ್ನು ಓಟ್ ಹಾಕೋ ಹಾಗಿಲ್ಲ. ಅಪರಾಧ ಸಾಬೀತಾಗಿದೆಯಾ ಇಲ್ವಾ ಅನ್ನೋದು ಲೆಕ್ಕಕ್ಕೇ ಇಲ್ಲ, ಒಳಗಿದ್ದಾನಾ ಹೊರಗಿದ್ದಾನಾ ಅಷ್ಟೇ ಲೆಕ್ಕ. ಹಾಗಾಗಿ ಶಿಕ್ಷೆ ಆಗಿ ಬೇಲ್ ಮೇಲೆ ಹೊರಗಿರೋವ್ನು ಆರಾಮಾಗಿ ಕ್ಯೂ ನಿಂತು ಶಾಯಿ ಹಚ್ಚಿಸ್ಕೋಬಹುದು. ಮೇವು ಹಗರಣದಲ್ಲಿ ಅಪರಾಧಿ ಆಗಿರೋ ಲಾಲು ಪ್ರಸಾದ್ ಎಲೆಕ್ಷನ್ನಿಗೆ ನಿಲ್ಲೋ ಹಾಗಿಲ್ಲ, ಆದ್ರೆ 2024ರಲ್ಲಿ ಪಟ್ನಾದಲ್ಲಿ ಓಟ್ ಹಾಕಿದ್ರು. ಅದೇ ಬೇಲ್‌ಗೆ ಶ್ಯೂರಿಟಿ ಕೊಡೋಕೆ ಯಾರೂ ಸಿಗ್ದೆ ಒಳಗೆ ಕೊಳೀತಿರೋ ವಿಚಾರಣಾಧೀನ ಕೈದಿ, ಕೋರ್ಟ್ ಇನ್ನೂ ಅಪರಾಧಿ ಅಂದೇ ಇಲ್ಲ, ಅವ್ನಿಗೆ ಓಟಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿಯ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ನಾಲ್ಕರಲ್ಲಿ ಮೂರು ಜನ ಅಂದ್ಕೊಳ್ಳಿ. ಇದನ್ನ ಪ್ರಶ್ನೆ ಮಾಡಿದ್ದಕ್ಕೆ 1997ರಲ್ಲಿ ಸುಪ್ರೀಂ ಕೋರ್ಟ್ ಕಾನೂನು ಸರಿಯಾಗೇ ಇದೆ ಅಂತು, ಅಷ್ಟೊಂದು ಪೊಲೀಸ್ ಬಂದೋಬಸ್ತ್ ಎಲ್ಲಿಂದ ತರೋದು ಅನ್ನೋದೂ ಒಂದು ಕಾರಣ. ಜೈಲೊಳಗೆ ಬೂತ್ ಮಾಡೋಕೆ, ಪೋಸ್ಟಲ್ ಬ್ಯಾಲೆಟ್ ಕೊಡೋಕೆ ಏನ್ ಕಷ್ಟ ಅಂತ ನನಗಂತೂ ಅರ್ಥ ಆಗಿಲ್ಲ, ಯಾಕಂದ್ರೆ ಎನ್‌ಎಸ್‌ಎ (ರಾಷ್ಟ್ರೀಯ ಭದ್ರತಾ ಕಾಯ್ದೆ) ಥರ ಮುಂಜಾಗ್ರತಾ ಬಂಧನದಲ್ಲಿರೋವ್ರಿಗೆ ಪೋಸ್ಟಲ್ ಬ್ಯಾಲೆಟ್ ಈಗ್ಲೂ ಇದೆ.

2024ರ ಲೋಕಸಭೆಲಿ ಇದು ಚೆನ್ನಾಗೇ ಕಾಣಿಸ್ತು. ಬಾರಾಮುಲ್ಲಾದಲ್ಲಿ ಎಂಜಿನಿಯರ್ ರಶೀದ್ ತಿಹಾರ್ ಜೈಲಿಂದಾನೇ ನಿಂತು ಒಮರ್ ಅಬ್ದುಲ್ಲಾನ ಸೋಲಿಸಿದ್ರು, ಖಡೂರ್ ಸಾಹಿಬಲ್ಲಿ ಅಮೃತ್‌ಪಾಲ್ ಸಿಂಗ್ ದಿಬ್ರುಗಢ ಜೈಲಿಂದ ಗೆದ್ರು. ರಶೀದ್ ಭಯೋತ್ಪಾದನೆ ತಡೆಯೋ ಯುಎಪಿಎ ಕಾಯ್ದೆಯಡಿ ವಿಚಾರಣಾಧೀನ, ಲಕ್ಷಾಂತರ ಜನ ಓಟ್ ಹಾಕ್ಬಹುದು ಆದ್ರೆ ತಾನೇ ತನಗೆ ಹಾಕ್ಕೊಳ್ಳೋ ಹಾಗಿಲ್ಲ, ಅಮೃತ್‌ಪಾಲ್ ಎನ್‌ಎಸ್‌ಎ ಮುಂಜಾಗ್ರತಾ ಬಂಧನ, ಕಾನೂನು ಪ್ರಕಾರ ಓಟ್ ಹಾಕ್ಬಹುದು. ಇಬ್ರೂ ಜೈಲೇ, ಇಬ್ರೂ ಎಂಪಿನೇ. ನಮ್ಮ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕಥೆನೂ ಇದೇ, 1977ರಲ್ಲಿ ತುರ್ತು ಪರಿಸ್ಥಿತಿ ಕಾಲದ ಬರೋಡಾ ಡೈನಮೈಟ್ ಕೇಸಲ್ಲಿ ಜೈಲಲ್ಲಿದ್ಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ 3 ಲಕ್ಷಕ್ಕೂ ಜಾಸ್ತಿ ಲೀಡಲ್ಲಿ ಗೆದ್ರು. ಅದಕ್ಕೇ ಹೇಳೋದು, ಜೈಲಲ್ಲಿರೋವ್ನು ನಿಲ್ಲಲೇ ಬಾರದು ಅಂತ ಕಣ್ಮುಚ್ಚಿ ಹೇಳೋಕಾಗಲ್ಲ, ಯಾವ ಸರ್ಕಾರ ಯಾರನ್ನ ಯಾಕೆ ಒಳಗೆ ಹಾಕಿದೆ ಅನ್ನೋದೂ ನೋಡ್ಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಒಂದ್ಸಲ ಹಾಗೆ ಹೇಳಿಯೂ ಬಿಟ್ಟಿತ್ತು, ಓಟಿಲ್ದೋನಿಗೆ ಸ್ಪರ್ಧೆನೂ ಇಲ್ಲ ಅಂತ, ಲಿಲಿ ಥಾಮಸ್ ತೀರ್ಪು ಬಂದ ಅದೇ ದಿನ. ಪಾರ್ಲಿಮೆಂಟು ಕೆಲವೇ ತಿಂಗಳಲ್ಲಿ ಕಾನೂನು ತಿದ್ದಿ ಅದನ್ನ ಸರಿ ಮಾಡ್ತು, ಈ ಒಂದು ವಿಷಯದಲ್ಲಿ ನಾನು ರಾಜಕಾರಣಿಗಳ ಪರ.

ಆ್ಯಪ್ ಪಕ್ಕದಲ್ಲಿ ಇಟ್ಕೋಬೇಕಾಗಿರೋದು ಎಡಿಆರ್‌ದು ಮೈನೇತಾ ವೆಬ್‌ಸೈಟ್. ಅವ್ರು ಪಿಡಿಎಫ್ ಬಿಡಿಸಿ ಟೇಬಲ್ ಮಾಡಿ ಹಾಕ್ತಾರೆ, ಗಂಭೀರ ಸೆಕ್ಷನ್ ಯಾವುದು ಅಂತ ಬೇರೆ ಮಾಡಿ ತೋರಿಸ್ತಾರೆ, ಹಳೇ ಎಲೆಕ್ಷನ್ ಜೊತೆ ಹೋಲಿಸ್ಬಹುದು. ನೋಡೋಕೆ ಹಳೇ ಕಾಲದ ಸೈಟ್ ಥರ ಇದೆ, ಇಂಗ್ಲಿಷ್, ಆದ್ರೆ ಕೆಲಸಕ್ಕೆ ಬರೋದು ಅದೇ, ಅದಕ್ಕೆ 4 ಕೊಡ್ತೀನಿ. ನಾನು ಮಾಡೋದು ಏನಂದ್ರೆ ಮೈನೇತಾದಲ್ಲಿ ನೋಡಿ, ಅನುಮಾನ ಬಂದ ಸಾಲನ್ನ ಕೆವೈಸಿಯ ಒರಿಜಿನಲ್ ಪಿಡಿಎಫಲ್ಲಿ ತಾಳೆ ನೋಡೋದು. ಇನ್ನೊಂದು, ಪಾರ್ಟಿ ವೆಬ್‌ಸೈಟಲ್ಲಿ ಸಿ-7 ಅಂತ ಫಾರ್ಮ್ ಇರತ್ತೆ, ಕೇಸ್ ಇರೋವ್ನಿಗೇ ಯಾಕೆ ಟಿಕೆಟ್ ಕೊಟ್ರಿ, ಕೇಸ್ ಇಲ್ದಿರೋವ್ರು ಯಾರೂ ಸಿಗ್ಲಿಲ್ವಾ ಅಂತ ಪಾರ್ಟಿಯವ್ರೇ ಕಾರಣ ಬರೀಬೇಕು. ಗೆಲ್ತಾನೆ ಅನ್ನೋದೊಂದೇ ಕಾರಣ ಆಗಬಾರದು ಅಂತ 2020ರಲ್ಲೇ ಕೋರ್ಟ್ ಹೇಳಿದೆ, ಹಾಗಾಗಿ ಜನಪ್ರಿಯ, ಸಮಾಜಸೇವಕ, ಕೇಸು ರಾಜಕೀಯ ಪ್ರೇರಿತ ಅನ್ನೋ ಥರದ ಮಾತಲ್ಲೇ ಗಾಡಿ ಓಡ್ತಿದೆ. ಬೇಜಾರಾದಾಗ ಓದೋಕೆ ಒಳ್ಳೇದು. ಕೆವೈಸಿ ಆ್ಯಪಲ್ಲಿ ಈ ಫಾರ್ಮನ್ನ ಕ್ಯಾಂಡಿಡೇಟ್ ಹೆಸರಿನ ಕೆಳಗೇ ಮೊದಲ ಸ್ಕ್ರೀನಲ್ಲಿ ತೋರಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇನ್‌ಸ್ಟಾಲ್ ಮಾಡೋಕೆ ಮುಂಚೆ ಎರಡು ವಿಷಯ. 40ಕ್ಕೂ ಜಾಸ್ತಿ ಇರೋ ಆ್ಯಪ್, ಸೈಟುಗಳನ್ನೆಲ್ಲ ಇಸಿಐನೆಟ್ ಅನ್ನೋ ಒಂದರೊಳಗೆ ಸೇರಿಸ್ತೀವಿ ಅಂತ 2025ರಲ್ಲಿ ಆಯೋಗ ಹೇಳಿದೆ, ಹಾಗಾಗಿ ಪ್ಲೇ ಸ್ಟೋರಲ್ಲಿ ಇದು ಕಾಣಿಸ್ಲಿಲ್ಲ ಅಂದ್ರೆ ಆ ಹೆಸರಲ್ಲಿ ಹುಡುಕಿ. ಇನ್ನು ಗ್ರಾಮ ಪಂಚಾಯ್ತಿ, ತಾಲೂಕು, ಜಿಲ್ಲಾ ಪಂಚಾಯ್ತಿ, ನಗರಸಭೆ ಕ್ಯಾಂಡಿಡೇಟುಗಳನ್ನ ಇಲ್ಲಿ ಹುಡುಕಿ ಟೈಮ್ ವೇಸ್ಟ್ ಮಾಡ್ಕೋಬೇಡಿ, ಅದನ್ನ ನಡೆಸೋದು ರಾಜ್ಯ ಚುನಾವಣಾ ಆಯೋಗ, ಈ ಆ್ಯಪ್ ಕೇಂದ್ರದ್ದು. ಪಕ್ಕದ ಬೀದಿಯವ್ನು, ದಿನಾ ಮುಖ ನೋಡೋವ್ನು ನಿಂತಾಗ ಅವ್ನ ಕೇಸು ಏನು ಅಂತ ಕೇಳೋಕೆ ಈಗ್ಲೂ ಟೀ ಅಂಗಡಿನೇ ಗತಿ.